ಮೂರನೆಯ ಎಂಟು ಗಂಟೆ ಯಾರದು?

(ಗಿರಣಿ ಕೆಲಸಗಾರರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬರುವ ಮಾರ್ಚ್ 8ರ ಮಹಿಳಾ ದಿನವನ್ನು ಹೇಗೆ ಆಚರಿಸಬೇಕೆಂದು ಮಾತನಾಡಲು ನಾವಿಲ್ಲಿ ಸೇರಿದ್ದೇವೆ. ನಮ್ಮ ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದೆ ಹೋಗುವುದು ಲೇಸು. ಹೋದ ವರ್ಷ ನಾವು ದೊಡ್ಡ ಸಭೆಯನ್ನೇ ಮಾಡಿದೆವು. ವೇದಿಕೆಯ ಮೇಲೆ ಐದು ಮಂದಿ ಗಂಡಸರು ಕುಳಿತು, ಹೆಣ್ಣಿನ ಸ್ಥಾನಮಾನ ಕುರಿತು ಎರಡು ತಾಸು ಮಾತನಾಡಿದೆವು. ಆಗ ಹೆಣ್ಣುಮಕ್ಕಳು ಎಲ್ಲಿದ್ದರು? ಹಿತ್ತಲಲ್ಲಿ ಒಲೆ ಹೂಡಿ ನೂರು ಮಂದಿಗೆ ಉಪ್ಪಿಟ್ಟು ಮಾಡುತ್ತಿದ್ದರು. ಕೊನೆಗೆ ಪಾತ್ರೆ ತಿಕ್ಕುತ್ತಿದ್ದ ಅಜ್ಜಿಯೊಬ್ಬರು, "ಯಾರ ಹಬ್ಬನಪ್ಪಾ ಇವತ್ತು?" ಎಂದು ಕೇಳಿದರು. ನಮ್ಮ ಬಾಯಲ್ಲಿ ಮಾತು ಹೊರಡಲಿಲ್ಲ. ಈ ದಿನ ನಾವು ಆಡುವ ಮಾತು ಆ ಅಜ್ಜಿಗೆ ಸಲ್ಲಬೇಕಾದ ಉತ್ತರ.

ಈ ಹಬ್ಬ ದುಡಿಯುವ ಹೆಂಗಸರದು. ಜರ್ಮನಿಯ ಸಮಾಜವಾದಿ ನಾಯಕಿ ಕ್ಲಾರಾ ಜೆಟ್ಕಿನ್ 1910ರಲ್ಲಿ ಕೋಪನ್‌ಹೇಗನ್ನಿನ ಸಮಾಜವಾದಿ ಮಹಿಳೆಯರ ಸಮ್ಮೇಳನದಲ್ಲಿ ಇಂಥದೊಂದು ದಿನ ಬೇಕೆಂದು ಸೂಚಿಸಿದರು. 1917ರ ಮಾರ್ಚ್ 8ರಂದು ರಷ್ಯದ ಪೆತ್ರೋಗ್ರಾದಿನಲ್ಲಿ ನೇಯ್ಗೆ ಗಿರಣಿಗಳ ಹೆಂಗಸರು ರೊಟ್ಟಿಗಾಗಿ ಕೆಲಸ ಬಿಟ್ಟು ಬೀದಿಗಿಳಿದರು. ಒಂದೇ ವಾರದಲ್ಲಿ ಚಕ್ರವರ್ತಿ ಗದ್ದುಗೆ ಬಿಟ್ಟಿಳಿಯಬೇಕಾಯಿತು. ಗಿರಣಿಯ ಹೆಂಗಸರು ಗಳಿಸಿದ ದಿನದಂದು ಅವರನ್ನು ಅಡುಗೆಗೆ ಹಚ್ಚುವುದು ಯಾವ ನ್ಯಾಯ?

ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ, ಎಂಟು ಗಂಟೆ ನಮ್ಮಿಷ್ಟಕ್ಕೆ ಎಂಬುದು ಕೆಲಸಗಾರರ ಹಳೆಯ ಬೇಡಿಕೆ. ಇದಕ್ಕಾಗಿ 1886ರಲ್ಲಿ ಚಿಕಾಗೋ ನಗರದಲ್ಲಿ ರಕ್ತ ಹರಿಯಿತು. ಆದರೆ ಆ ಮೂರನೆಯ ಎಂಟು ಗಂಟೆ ನಮ್ಮ ಮನೆಯಲ್ಲಿ ಯಾರಿಗೆ ಸಿಕ್ಕಿದೆ? ಕೇಂದ್ರ ಸರ್ಕಾರವು 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯನ್ನು ನೋಡಿರಿ. ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅದೇ ಕೆಲಸಕ್ಕೆ ಕೈ ಹಾಕುವ ಗಂಡಸರು ಕೊಡುವುದು 88 ನಿಮಿಷ. ಪಾಳಿ ಮುಗಿಸಿ ನಾವು ಚಹದಂಗಡಿಯ ಕಟ್ಟೆಯ ಮೇಲೆ ಕೂರುತ್ತೇವೆ, ಪತ್ರಿಕೆ ಓದುತ್ತೇವೆ, ಸಿನಿಮಾಕ್ಕೆ ಹೋಗುತ್ತೇವೆ. ಅದೇ ಗಿರಣಿಯಿಂದ ಅದೇ ಹೊತ್ತಿಗೆ ಹೊರಟ ಅಕ್ಕ ನೇರವಾಗಿ ನಲ್ಲಿಯ ಮುಂದೆ ಕೊಡ ಇಡುತ್ತಾಳೆ.

ಆದುದರಿಂದ ಹೆಣ್ಣುಮಕ್ಕಳ ನಲಿವಿನ ಪ್ರಶ್ನೆ ಸಣ್ಣದಲ್ಲ. ಕೂಲಿಯ ಪ್ರಶ್ನೆ ಇರುವಾಗ ನಾಟಕ, ಕಾದಂಬರಿ ಏಕೆ ಎಂದು ಕೆಲವು ಮಿತ್ರರು ಕೇಳುತ್ತಾರೆ. ಅವರು ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೆನೆಯಲಿ. ಮಂಗಳೂರಿನಲ್ಲಿ ಹುಟ್ಟಿ, ಜೈಲು ಕಂಡು, ಕಾಂಗ್ರೆಸ್ ಸಮಾಜವಾದಿ ಪಕ್ಷದ ಮುಂದಾಳಾಗಿದ್ದ ಆ ತಾಯಿ 1931ರಲ್ಲಿ ಮೃಚ್ಛಕಟಿಕದ ಕಥೆಯ ಮೂಕಿಚಿತ್ರದಲ್ಲಿ ಪಾತ್ರ ಮಾಡಿದರು. ಮಾನವಂತರ ಮನೆಯ ಹೆಣ್ಣು ಬಣ್ಣ ಹಚ್ಚಬಾರದು ಎನ್ನುತ್ತಿದ್ದ ಕಾಲ ಅದು.

ಇನ್ನು ಕೆಲವರು, ಹೆಂಗಸರು ತಾವೇ ಮಾಡಿದ್ದು ನಮಗೆಲ್ಲಿ ಸಿಗಬೇಕು, ಅದೆಲ್ಲ ದೊಡ್ಡ ಪಟ್ಟಣದ ಮಾತು ಎನ್ನುತ್ತಾರೆ. ಅದು ನಮ್ಮ ನಾಡಿನಲ್ಲೇ ನೂರು ವರ್ಷಕ್ಕೂ ಮಿಕ್ಕಿ ಇದೆ. ನಾವು ಹುಡುಕಲಿಲ್ಲ, ಅಷ್ಟೇ.

ನಂಜನಗೂಡಿನ ತಿರುಮಲಾಂಬಾ ಬಾಲ್ಯದಲ್ಲೇ ವಿಧವೆಯಾದವರು. ಮನೆಯಲ್ಲೇ ಓದಿ ಕಲಿತು 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಆರಂಭಿಸಿದರು. ಕೆಲವು ವರ್ಷಗಳಲ್ಲಿ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿದರು. ಬರೆದವರೂ ಅವರೇ, ಸಂಪಾದಕರೂ ಅವರೇ, ಪ್ರಕಾಶಕರೂ ಅವರೇ. ಬೆಂಗಳೂರಿನ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಪತ್ರಿಕೆಯನ್ನು ನಲವತ್ತು ವರ್ಷ ನಡೆಸಿದರು. ಪತ್ರಿಕೆ ನಡೆಸುವ ಕಷ್ಟ ಬಲ್ಲ ನಮಗೆ ಗೊತ್ತು, ಚಂದಾ ಬಾಕಿಯ ನಡುವೆ ನಲವತ್ತು ವರ್ಷ ಎಂದರೆ ಎಷ್ಟೆಂದು.

'ಶರಪಂಜರ' ಚಿತ್ರವನ್ನು ನೋಡಿ ಕಣ್ಣೊರೆಸಿಕೊಳ್ಳದ ಮನೆ ಎಲ್ಲಿದೆ? ಕಲ್ಪನಾ ನೆನಪಿದ್ದಾರೆ, ಪುಟ್ಟಣ್ಣ ನೆನಪಿದ್ದಾರೆ. ಕಥೆ ಬರೆದ ತ್ರಿವೇಣಿಯವರನ್ನು ಎಷ್ಟು ಮಂದಿ ಓದಿದ್ದೇವೆ? ಮನಸ್ಸು ಕೆಟ್ಟು ಆಸ್ಪತ್ರೆಗೆ ಹೋಗಿ ವಾಸಿಯಾಗಿ ಬಂದ ಹೆಣ್ಣನ್ನು ಗಂಡನೂ ನೆರೆಹೊರೆಯೂ ಮತ್ತೆ ಹುಚ್ಚಿಗೆ ತಳ್ಳುವ ಬಗೆಯನ್ನು ಕಂಡು ಬರೆದವರು ಅವರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು.

ಗಿರಣಿಯ ಸಂಗಾತಿಗಳಿಗೆ ಇನ್ನೊಂದು ಹೆಸರು ಹೇಳಲೇಬೇಕು. ಕಲಬುರಗಿಯ ಗೀತಾ ನಾಗಭೂಷಣ ಗಿರಣಿ ಕೆಲಸಗಾರರ ಮಗಳು. ಅವರ ಬರಹದಲ್ಲಿ ಬರುವವರು ನಮ್ಮ ಓಣಿಯವರೇ, ಆಡುವುದು ಓಣಿಯ ಮಾತೇ. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರು. ಹಾಸನದ ವಕೀಲೆ ಬಾನು ಮುಷ್ತಾಕರ ಹನ್ನೆರಡು ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಗೆದ್ದವು. ಹಾಸನವೂ ನಮ್ಮೂರಿನಂಥ ಜಿಲ್ಲಾ ಪಟ್ಟಣವೇ ಎಂಬುದನ್ನು ಮರೆಯಬೇಡಿರಿ.

ರಂಗಭೂಮಿಗೆ ಬರೋಣ. ಕಂಪನಿ ನಾಟಕಗಳಲ್ಲಿ ಹಿಂದೆ ಗಂಡಸರೇ ಸೀರೆಯುಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದರು. ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಅದನ್ನು ತಿರುವುಮುರುವು ಮಾಡಿದರು. ಅಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ. ಸ್ವತಃ ನಾಗರತ್ನಮ್ಮನವರೇ ಮೀಸೆ ಕಟ್ಟಿ ಕಂಸನಾಗಿ, ರಾವಣನಾಗಿ ಗುಡುಗುತ್ತಿದ್ದರು. ದಾವಣಗೆರೆಯ ಚಿಂದೋಡಿ ಲೀಲಾ ತಂದೆ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪನಿಯನ್ನು ಬಣ್ಣ ಹಚ್ಚಿಯೂ ನಡೆಸಿದರು, ಒಡತಿಯಾಗಿಯೂ ನಡೆಸಿದರು. 2010ರಲ್ಲಿ ತೀರಿಕೊಂಡ ಅವರ 'ಪೊಲೀಸನ ಮಗಳು' ನಾಟಕಕ್ಕೆ ಸೈಕಲ್ಲೇರಿ ಹೋದವರು ಈ ಸಭೆಯಲ್ಲೂ ಇದ್ದೀರಿ. ಅಳುವುದು ಮಾತ್ರವೇ ಹೆಣ್ಣಿನ ಕಲೆಯಲ್ಲ. ನಗಿಸುವುದೂ ಗುಡುಗುವುದೂ ಅವಳಿಗೆ ಬರುತ್ತದೆ.

ಎಂ.ಕೆ. ಇಂದಿರಾ ಬರೆದ 'ಫಣಿಯಮ್ಮ'ನನ್ನು ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಿದರು. ಬರೆದವಳೂ ಹೆಣ್ಣು, ತೆಗೆದವಳೂ ಹೆಣ್ಣು. ಓದುಬರಹವಿಲ್ಲದವರಿಗೆ ಇದೆಲ್ಲ ಎಲ್ಲಿಯದು ಎನ್ನುವಿರೋ? ನಮ್ಮ ಬೀದರಿನ ಗಡಿಯಾಚೆ, ಜಹೀರಾಬಾದಿನ ಹತ್ತಿರದ ಮಾಚನೂರು ಗ್ರಾಮದಲ್ಲಿ ದಲಿತ ಹೆಂಗಸರು 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಆರಂಭಿಸಿದರು. ಬಿತ್ತನೆ ಬೀಜದ ಮಾತು, ಹಾಡು, ಕಥೆ ಎಲ್ಲವನ್ನೂ ತಮ್ಮೂರಿನ ತೆಲುಗಿನಲ್ಲಿ ತಾವೇ ಬಿತ್ತರಿಸಿದರು.

ಹೆಂಗಸರು ಮಾಡಿದ್ದೆಲ್ಲ ಚಿನ್ನವೆಂದು ನಾವು ಹೇಳುವುದಿಲ್ಲ. ಅಂಗಡಿಗೆ ಮಾಲು ತರುವಾಗ ವ್ಯಾಪಾರಿ ಮಿತ್ರರು ಯಾವ ಊರಿನದು, ಯಾರು ಮಾಡಿದ್ದು ಎಂದು ಕೇಳುತ್ತೀರಲ್ಲವೇ? ಕಥೆಗೂ ಚಿತ್ರಕ್ಕೂ ಧಾರಾವಾಹಿಗೂ ಹಾಗೆಯೇ ಕೇಳಿರಿ. ಯಾರು ಬರೆದರು? ಯಾರು ಮಾಡಿದರು? ಅದರಲ್ಲಿ ಬರುವ ಹೆಣ್ಣಿಗೆ ಸ್ವಂತದ ಒಂದು ಮಾತಾದರೂ ಇದೆಯೇ? ಕೇಳಿ, ಹಿಡಿಸಿದ್ದನ್ನು ಇಟ್ಟುಕೊಳ್ಳಿ, ಹಿಡಿಸದ್ದನ್ನು ಬಿಡಿ. ಆರಿಸುವ ಹಕ್ಕೂ ಹೆಣ್ಣುಮಕ್ಕಳದೇ ಆಗಿರಲಿ.

ಈಗ ಕೆಲಸದ ಮಾತು. ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರ ಕಟ್ಟುತ್ತೇವೆ. ಹಾಗಿದ್ದಮೇಲೆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಈ ಪುಸ್ತಕಗಳನ್ನು ಕೇಳೋಣ. ಇಲ್ಲದಿದ್ದರೆ ತರಿಸಿಕೊಡಿರೆಂದು ಬರೆದುಕೊಡೋಣ. ತಿಂಗಳಿಗೊಮ್ಮೆ ಒಂದು ಓಣಿಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಬೀಡಿ ಕಟ್ಟುವ ಅಕ್ಕಂದಿರ ಕೈಗೆ ಬಿಡುವಿಲ್ಲದಿದ್ದರೂ ಕಿವಿಗೆ ಬಿಡುವುಂಟು. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ದೇವಸ್ಥಾನಕ್ಕೆ, ತವರಿಗೆ ಹೋಗುವ ಬಸ್ಸು ನಾಟಕಕ್ಕೂ ಹೋಗುತ್ತದೆ. ನಾಲ್ಕು ಮಂದಿ ಕೂಡಿ ಹೊರಡಬೇಕು. ಆದರೆ ಬಸ್ಸು ಪುಕ್ಕಟೆಯಾದ ಮಾತ್ರಕ್ಕೆ ಹೊತ್ತು ಸಿಕ್ಕುವುದಿಲ್ಲ. ಆ ಸಂಜೆ ಮಗುವನ್ನು ಎತ್ತಿಕೊಳ್ಳುವವರು, ಅನ್ನಕ್ಕಿಡುವವರು ಯಾರು? ಉತ್ತರ ಈ ಸಭೆಯ ಗಂಡಸರ ಬಾಯಿಂದ ಬರಬೇಕು.

ಈ ಸಲದ ಮಾರ್ಚ್ 8ಕ್ಕೆ ನಮ್ಮ ಸೂಚನೆಗಳು ಇವು. ಕಾರ್ಯಕ್ರಮ ರಾತ್ರಿ ಬೇಡ, ಮಧ್ಯಾಹ್ನ 3ರಿಂದ 6ರವರೆಗೆ ಇರಲಿ. ಅಂಗಡಿಯವರು ಆ ಮೂರು ಗಂಟೆ ಬಾಗಿಲು ಹಾಕಲಿ. ಗಿರಣಿಯಲ್ಲಿ ಪಾಳಿ ಬದಲಾಯಿಸಿಕೊಡಬೇಕೆಂದು ಸಂಘ ಮುಂಚಿತವಾಗಿ ಕೇಳಲಿ. ಏನು ಓದಬೇಕು, ಯಾವ ನಾಟಕ ಆಡಬೇಕು, ಯಾವ ಚಿತ್ರ ನೋಡಬೇಕು ಎಂಬುದನ್ನು ಹೆಣ್ಣುಮಕ್ಕಳೇ ತೀರ್ಮಾನಿಸಲಿ. ವೇದಿಕೆಯ ಮೇಲೆ ಅವರು ಕೂರಲಿ. ನಾವು ಭಾಷಣ ಮಾಡುವುದು ಬೇಡ. ಉಪ್ಪಿಟ್ಟನ್ನು ನಾವು ಮಾಡೋಣ. ಗಂಟು ಕಟ್ಟಿದರೆ ಗಂಟು ಕಟ್ಟಲಿ, ಒಂದು ವರ್ಷ ಹಾಗೆಯೇ ತಿನ್ನೋಣ. ಪಾತ್ರೆಯನ್ನೂ ನಾವೇ ತಿಕ್ಕೋಣ.

ಆ ಅಜ್ಜಿ ಈ ದಿನವೂ ಬಂದಿದ್ದಾರೆ. ಹಿಂದಿನ ಸಾಲಿನಲ್ಲಿ ಬಾಗಿಲ ಹತ್ತಿರ ಕುಳಿತಿದ್ದಾರೆ. ಮಾರ್ಚ್ 8ರಂದು ಅವರನ್ನು ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸಿ, ಚಹದ ಲೋಟ ಅವರ ಕೈಗಿತ್ತು, "ಅಜ್ಜೀ, ಇದು ನಿಮ್ಮ ಹಬ್ಬ" ಎನ್ನುವಂತಾಗಬೇಕು. ಅಷ್ಟು ಮಾಡಲು ಸಿದ್ಧರಿರುವವರು ಈಗಲೇ ಮುಂದೆ ಬಂದು ಅಡುಗೆಯ ಪಟ್ಟಿಯಲ್ಲಿ ಹೆಸರು ಬರೆಸಿರಿ.