‘ಆಗಬೇಕು’ ಎಂಬ ಒಂದು ಮಾತು

(ಸಂಘದ ಆಶ್ರಯದಲ್ಲಿ ಜರುಗಿದ ಶಿಕ್ಷಕ-ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಇಂಗ್ಲಿಷ್ ಮಾತುಗಾರಿಕೆಯನ್ನು ಕಲಿಸುವ ತರಗತಿಗಳಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: ಮುಂದೆ ನೀನು ಏನಾಗಬಯಸುವೆ? ಮಕ್ಕಳು ಒಬ್ಬೊಬ್ಬರಾಗಿ ಎದ್ದುನಿಂತು, ‘ಐ ವಾಂಟ್ ಟು ಬಿಕಮ್ ಎ ಡಾಕ್ಟರ್’ ಎಂದು ಒಪ್ಪಿಸಿ ಕುಳಿತುಕೊಳ್ಳುತ್ತಾರೆ. ವಾಕ್ಯ ಶುದ್ಧವಾಗಿರುತ್ತದೆ. ಆದರೆ ಅಲ್ಲಿ ಮಾತು ಹುಟ್ಟಿತೆ? ಇಲ್ಲವೆಂದೇ ನನ್ನ ಅಭಿಪ್ರಾಯ.

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಮಗು ತನಗೆ ಗೊತ್ತಿರುವ ಇಂಗ್ಲಿಷ್ ಪದಗಳೊಳಗಿನಿಂದಲೇ ತನ್ನ ಕನಸನ್ನು ಆಯ್ದುಕೊಳ್ಳಬೇಕಾಗುತ್ತದೆ. ಇಂಗ್ಲಿಷ್ ಹೆಸರು ತಿಳಿಯದ ಉದ್ಯೋಗವು ಕನಸಿನ ಪಟ್ಟಿಗೇ ಸೇರುವುದಿಲ್ಲ. ಎರಡನೆಯದು ನಮ್ಮ ನುಡಿಗೆ ಸಂಬಂಧಿಸಿದ್ದು. ‘ನಾನು ಡಾಕ್ಟರ್ ಆಗಬೇಕು’ ಎನ್ನುವಾಗ ಆ ‘ಬೇಕು’ವಿನಲ್ಲಿ ಬಯಕೆಯೂ ಇದೆ, ಕಡ್ಡಾಯವೂ ಇದೆ. ಅದು ಮಗುವಿನ ಆಸೆಯೋ ಮನೆಯವರ ಅಪ್ಪಣೆಯೋ ಎಂಬುದು ಆ ಮಾತಿನಿಂದ ತಿಳಿಯದು. ಇಂಗ್ಲಿಷಿನಲ್ಲಿ ‘ವಾಂಟ್ ಟು’ ಬೇರೆ, ‘ಹ್ಯಾವ್ ಟು’ ಬೇರೆ. ಈ ವ್ಯತ್ಯಾಸವನ್ನು ಕೇವಲ ವ್ಯಾಕರಣವೆಂದು ಕಲಿಸಿ ಕೈಬಿಟ್ಟರೆ ಒಂದು ದೊಡ್ಡ ಅವಕಾಶವನ್ನು ಕಳೆದುಕೊಂಡಂತೆ.

ಈ ವಿಷಯದಲ್ಲಿ ದಾರಿ ತೋರಿದ ಪ್ರಯೋಗವೊಂದು ನಮ್ಮ ಬೆಂಗಳೂರಿನ ಹೆಸರನ್ನೇ ಪಡೆದಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಈ ಪ್ರಯೋಗವನ್ನು ಭಾಷಾಬೋಧನೆಯ ವಿದ್ವಾಂಸರು ಇಂದಿಗೂ ‘ಬೆಂಗಳೂರು ಯೋಜನೆ’ ಎಂದೇ ಕರೆಯುತ್ತಾರೆ. ವ್ಯಾಕರಣಸೂತ್ರಗಳನ್ನು ಮುಂದಿಡದೆ, ರೈಲ್ವೆ ವೇಳಾಪಟ್ಟಿ, ಭೂಪಟ ಮುಂತಾದವುಗಳನ್ನು ಕೊಟ್ಟು ಮಕ್ಕಳಿಂದ ಲೆಕ್ಕ ಹಾಕಿಸುವುದು, ತರ್ಕ ಮಾಡಿಸುವುದು ಅದರ ಕ್ರಮ. ಮನಸ್ಸು ಅರ್ಥದಲ್ಲಿ ತೊಡಗಿದಾಗ ಭಾಷೆ ತಾನಾಗಿ ಬೆಳೆಯುತ್ತದೆಂಬುದು ಅದರ ನಂಬಿಕೆ. ಕೇವಲ ಅಭಿಪ್ರಾಯ ಕೇಳುವ ಚಟುವಟಿಕೆಗಿಂತ ತರ್ಕಕ್ಕೆ ಎಡೆಗೊಡುವ ಚಟುವಟಿಕೆಯೇ ಹೊಸ ಕಲಿಕೆಗಾರರಿಗೆ ಹೆಚ್ಚು ಆಸರೆಯಾಗುತ್ತದೆಂಬುದು ಪ್ರಭು ಅವರ ನಿಲುವಾಗಿತ್ತು.

ಈ ಬೆಳಕಿನಲ್ಲಿ ನನ್ನ ಸೂಚನೆಗಳು ಇಂತಿವೆ. ಕನಸಿನ ಪ್ರಶ್ನೆಯನ್ನು ಮೊದಲಿಗೇ ಕೇಳಬೇಡಿ, ಕೊನೆಗೆ ಕೇಳಿ. ಮೊದಲು ಒಬ್ಬ ವಿದ್ಯಾರ್ಥಿ ಮನಸ್ಸಿನಲ್ಲೇ ಒಂದು ವೃತ್ತಿಯನ್ನು ನೆನೆಯಲಿ. ಉಳಿದವರು ‘ಹೌದು’, ‘ಇಲ್ಲ’ ಎಂಬ ಉತ್ತರ ಬರುವ ಇಪ್ಪತ್ತು ಪ್ರಶ್ನೆಗಳೊಳಗೆ ಅದನ್ನು ಕಂಡುಹಿಡಿಯಲಿ. ಅನಂತರ ಮೂರು ಉದ್ಯೋಗಗಳ ಸಂಬಳ, ಕೆಲಸದ ವೇಳೆ, ಮನೆಯಿಂದ ದೂರ ಇವನ್ನು ಹಲಗೆಯ ಮೇಲೆ ಬರೆದು, ಚಿತ್ರಕಲೆಯಲ್ಲಿ ಆಸಕ್ತಿಯುಳ್ಳ, ತಾಯಿಯ ಆರೈಕೆ ಮಾಡಬೇಕಾದ ಒಬ್ಬ ಹುಡುಗಿಗೆ ಯಾವುದು ತಕ್ಕುದೆಂದು ಚರ್ಚಿಸಲು ಹೇಳಿ. ಅಲ್ಲಿ ‘ಬಿಕಾಸ್’ ಎಂಬ ಪದಕ್ಕೆ ನಿಜವಾದ ಕೆಲಸ ಸಿಗುತ್ತದೆ. ಮೂರನೆಯದಾಗಿ, ಮಕ್ಕಳು ಮನೆಯ ಹಿರಿಯರನ್ನು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಸಂದರ್ಶಿಸಿ, ಕೇಳಿ ತಿಳಿದುದನ್ನು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಹೇಳಲಿ.

ಈ ಮೂರನೆಯದು ಹೊರನಾಡಿನಲ್ಲಿರುವ ನಮಗೆ ವಿಶೇಷವಾಗಿ ಒಪ್ಪುವಂಥದು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಕಲಿತು ಮುಂದೆ ಬಂದ ಮುಂಬಯಿ ಕನ್ನಡಿಗರ ತಲೆಮಾರು ಬಹಳ ಹಿಂದಿನದೇನಲ್ಲ. ‘ನೀನು ಏನಾಗಬಯಸುವೆ’ ಎಂದು ಅವರಲ್ಲಿ ಅನೇಕರನ್ನು ಯಾರೂ ಕೇಳಿರಲಿಲ್ಲ. ಮೊಮ್ಮಕ್ಕಳಾದರೂ ಅವರನ್ನು ಕೇಳಲಿ. ಆಗ ‘ಹಿ ವಾಂಟೆಡ್ ಟು’, ‘ಹಿ ಹ್ಯಾಡ್ ಟು’ ಎಂಬ ಎರಡು ವಾಕ್ಯಗಳ ನಡುವಿನ ಅಂತರವನ್ನು ಯಾವ ಪಠ್ಯಪುಸ್ತಕವೂ ವಿವರಿಸಬೇಕಾಗಿಲ್ಲ.

ಪಾಲಕರಲ್ಲಿ ಒಂದೇ ವಿನಂತಿ. ಇಷ್ಟೆಲ್ಲ ಆದ ಮೇಲೆ ಮಗು ಮನೆಗೆ ಬಂದು, ತನಗೆ ಮರಗೆಲಸದಲ್ಲಿ ಆಸೆಯಿದೆ ಎಂದು ತೊದಲು ಇಂಗ್ಲಿಷಿನಲ್ಲಿ ಹೇಳಿದರೆ ಅದರ ವ್ಯಾಕರಣವನ್ನು ಬೇಕಾದರೆ ತಿದ್ದಿ. ಆಸೆಯನ್ನು ತಿದ್ದಲು ಅವಸರಪಡಬೇಡಿ. ತನ್ನ ಮಾತನ್ನು ಕೇಳುವವರಿದ್ದಾರೆಂಬ ಭರವಸೆಯಿಲ್ಲದ ಮಗು ಇಂಗ್ಲಿಷಿನಲ್ಲಿಯೂ ಮಾತನಾಡದು, ಕನ್ನಡದಲ್ಲಿಯೂ ಮಾತನಾಡದು.