ಮೇಜಿನ ಮೇಲೆ ಒಂದು ತೋಟದ ಮನೆ

ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ನೀವು ಒಂದು ಸಂಗತಿಯನ್ನು ಗಮನಿಸಿರಬಹುದು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು. ಕೆಳಗೆ ಮಕ್ಕಳು ಮಣ್ಣು ಹರಡಿ, ರಾಗಿಯ ಪೈರು ಬೆಳೆಸಿ ಮಾಡಿದ ಪುಟ್ಟ ಊರು. ಆ ಊರಿಗೆ ಒಂದು ಗುಡಿ, ಒಂದು ಕೆರೆ, ಒಂದು ದಿನಸಿ ಅಂಗಡಿ. ಅಂಗಡಿಯ ಶೆಟ್ಟರು ಮಾತ್ರ ಅಂಗಡಿಗಿಂತ ಎತ್ತರ! ಆದರೂ ಯಾರೂ ತಕರಾರು ಮಾಡುವುದಿಲ್ಲ. ಆರತಿ ನೋಡಿ, ಕೋಸಂಬರಿ ತಿಂದು, ಚೆನ್ನಾಗಿದೆ ಎಂದು ಹೇಳಿ ಬರುತ್ತೇವೆ. ಅಲ್ಲಿ ಭಾವ ಮುಖ್ಯ, ಅಳತೆಯಲ್ಲ.

ಅಳತೆ ತಪ್ಪಿದರೆ ಕೆಟ್ಟುಹೋಗುವ ಇನ್ನೊಂದು ಬೊಂಬೆಯಾಟ ಉಂಟು. ಅದೇ ಮೇಜಿನ ಮೇಲಿನ ಕಾಳಗ. ಅಂಗುಲದೆತ್ತರದ ಸಿಪಾಯಿಗಳನ್ನು ಎರಡು ಪಕ್ಷವಾಗಿ ನಿಲ್ಲಿಸಿ, ಅಳತೆಗೋಲಿನಿಂದ ನಡೆಸಿ, ದಾಳ ಹಾಕಿ ಸೋಲು ಗೆಲುವನ್ನು ನಿರ್ಣಯಿಸುವ ಆಟ. ಇದು ಮಕ್ಕಳಾಟವೆಂದು ನಗಬೇಡಿ. ಪ್ರಷ್ಯದ ದೊರೆಗೆ ರೈಸ್ವಿಟ್ಸ್ ಎಂಬಾತ ಇಂಥದೊಂದು ಮೇಜನ್ನು 1812ರಲ್ಲಿ ಒಪ್ಪಿಸಿದ. ಅವನ ಮಗ 1824ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದ ಮೇಲೆ ಸೈನ್ಯದ ಅಧಿಕಾರಿಗಳೇ ಇದನ್ನು ಆಡಿ ಕಲಿತರು. ಮನೆಯ ನೆಲದ ಮೇಲೆ ಆಡುವ ಬಗೆಯನ್ನು 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ಬರೆದವರು ಎಚ್. ಜಿ. ವೆಲ್ಸ್. ಅವರಿಗೂ ಮನೆಗಳದೇ ತೊಂದರೆ. ಟೊಳ್ಳು ಮನೆಯೊಳಗೆ ಸಿಪಾಯಿಗಳನ್ನು ನುಗ್ಗಿಸಿದರೆ ಜಗಳ ಬಗೆಹರಿಯುವುದಿಲ್ಲವೆಂದು, ಮನೆಗಳು ಗಟ್ಟಿ ಇಟ್ಟಿಗೆಯ ರಾಶಿಯಂತೆ ಇರತಕ್ಕದ್ದೆಂದು ಅವರು ನಿಯಮ ಮಾಡಿಬಿಟ್ಟರು.

ಈ ಆಟ ನನ್ನ ಮನೆಗೆ ಬಂದದ್ದು ನನ್ನ ತಂಗಿಯ ಮಗನಿಂದ. ಅವನಿಗೆ ವಾಟರ್ಲೂ ಕಾಳಗದ ಹುಚ್ಚು. ಒಂದು ದಿನ ದೊಡ್ಡ ಪೆಟ್ಟಿಗೆ ತಂದು, "ಮಾವ, ಹೊರದೇಶದಿಂದ ತೋಟದ ಮನೆ ತರಿಸಿದ್ದೇನೆ, ನೋಡಿ" ಎಂದ. ಬಿಚ್ಚಿ ನೋಡಿದೆವು. ಅಂದವಾದ ಮನೆಯೇ. ಆದರೆ ಪಕ್ಕದಲ್ಲಿ ನಿಲ್ಲಿಸಿದ ಸಿಪಾಯಿಯ ತಲೆ ಮಹಡಿಯ ಕಿಟಕಿಯನ್ನು ಮುಟ್ಟುತ್ತಿತ್ತು. ಶೆಟ್ಟರ ಅಂಗಡಿಯ ಕಥೆಯೇ ಮರುಕಳಿಸಿತು. ಹುಡುಗನ ಮುಖ ಬಾಡಿತು. ಅಂದಿನಿಂದ ನಾವಿಬ್ಬರೂ ಮನೆ ಹುಡುಕಲು ಹೊರಟವರು. ಆ ಹುಡುಕಾಟದಲ್ಲಿ ಕಲಿತ ಮೂರು ಪಾಠಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಬಾಗಿಲನ್ನು ಅಳೆಯಿರಿ. ಗೋಪುರ ಎಷ್ಟು ಎತ್ತರವೆಂಬುದನ್ನು ಕಣ್ಣು ಲೆಕ್ಕ ಹಾಕುವುದಿಲ್ಲ. ಬಾಗಿಲಲ್ಲಿ ಮನುಷ್ಯ ಹೋಗಬಲ್ಲನೆ ಎಂಬುದನ್ನು ಕೂಡಲೆ ಕಂಡುಹಿಡಿಯುತ್ತದೆ. ಸಿಪಾಯಿಯ ತಲೆಗಿಂತ ಬಾಗಿಲು ತುಸು ಎತ್ತರವಿದ್ದರೆ ಸಾಕು. ಎಪ್ಪತ್ತೆರಡರಲ್ಲಿ ಒಂದು ಪಾಲಿನ ಸಿಪಾಯಿಗೆ ಆಟಿಕೆ ರೈಲಿನ ಅಂಗಡಿಯಲ್ಲಿ ಸಿಗುವ, ಎಂಬತ್ತೇಳರಲ್ಲಿ ಒಂದು ಪಾಲಿನ ಮನೆ ಕೊಂಚ ಚಿಕ್ಕದು. ಆದರೂ ಕಣ್ಣು ಒಪ್ಪುತ್ತದೆ. ಪ್ರವಾಸಿಗಳಿಗೆ ಮಾರುವ ಹಿತ್ತಾಳೆ, ಪ್ಲಾಸ್ಟಿಕ್ ಸ್ಮಾರಕಗಳನ್ನು ಕೊಳ್ಳುವ ಮುನ್ನ ಮಾತ್ರ ಜೇಬಿನಲ್ಲಿ ಒಬ್ಬ ಸಿಪಾಯಿಯನ್ನು ಇಟ್ಟುಕೊಂಡೇ ಹೋಗಬೇಕು.

ಎರಡನೆಯದು, ಎಷ್ಟನ್ನು ಬಿಡಬಹುದು ಎಂಬುದು. ಆರು ಅಡಿಯ ಮೇಜಿನ ಮೇಲೆ ಎರಡು ಮೈಲಿಯ ರಣರಂಗವನ್ನು ಹರಡಿದಿರೆನ್ನಿ. ಅರವತ್ತು ಮೀಟರ್ ಉದ್ದದ ತೋಟದ ಮನೆಗೆ ಆ ನೆಲದ ಲೆಕ್ಕದಲ್ಲಿ ಸಿಗುವ ಜಾಗ ಒಂದೂವರೆ ಅಂಗುಲವೂ ಇಲ್ಲ. ಸಿಪಾಯಿಯ ಲೆಕ್ಕದಲ್ಲಿ ಅದೇ ಮನೆ 33 ಅಂಗುಲ! ಎರಡನ್ನೂ ಉಳಿಸುವುದು ಅಸಾಧ್ಯ. ಆದ್ದರಿಂದ ಬಾಗಿಲಿನ ಎತ್ತರವನ್ನು ಉಳಿಸಿ, ಗೋಡೆಯ ಉದ್ದವನ್ನು ಕುಗ್ಗಿಸಬೇಕು. ಹತ್ತು ಕಿಟಕಿ ಇದ್ದಲ್ಲಿ ಮೂರು ಸಾಕು. ನಮ್ಮ ವ್ಯಾಕರಣದ ಲೋಪಸಂಧಿಯ ನಿಯಮ ನಿಮಗೆ ನೆನಪಿರಬಹುದು: ಅರ್ಥ ಕೆಡದಿದ್ದರೆ ಸ್ವರ ಲೋಪವಾಗಬಹುದು. 'ಮಾತು ಇಲ್ಲ' ಎಂಬುದು 'ಮಾತಿಲ್ಲ' ಆದರೆ ನಷ್ಟವೇನೂ ಇಲ್ಲ. 'ಮನೆ'ಗೆ 'ಅನ್ನು' ಸೇರುವಾಗ ಸ್ವರವನ್ನು ಕಳೆದರೆ ಮನೆಯೇ ಮಾಯವಾಗುತ್ತದೆ. ಅದಕ್ಕೇ 'ಮನೆಯನ್ನು' ಎನ್ನುತ್ತೇವೆ. ಮೇಜಿನ ಮನೆಗೂ ಇದೇ ನ್ಯಾಯ. ಯಾವುದನ್ನು ಕಳೆದರೆ ಅದು ಅದೇ ಮನೆಯಾಗಿ ಉಳಿಯುವುದಿಲ್ಲವೋ ಅದನ್ನು ಕಳೆಯಬಾರದು.

ಹಾಗಾದರೆ ಯಾವುದನ್ನು ಕಳೆಯಬಾರದು? ಇದೇ ಮೂರನೆಯ ಪಾಠ. ಕಾಳಗದ ದಿನ ಅಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ವಿಚಾರಿಸಬೇಕು. ವಾಟರ್ಲೂ ಎಂದೊಡನೆ ಚಿತ್ರಗಳಲ್ಲಿ ಕಾಣುವುದು ನೆತ್ತಿಯ ಮೇಲೆ ಸಿಂಹವಿರುವ ದೊಡ್ಡ ದಿಬ್ಬ. 226 ಮೆಟ್ಟಿಲುಗಳ ಆ ದಿಬ್ಬ ಮುಗಿದದ್ದು 1826ರಲ್ಲಿ. ಕಾಳಗ ನಡೆದದ್ದು 1815ರ ಜೂನ್ 18ರಂದು. ದಿಬ್ಬಕ್ಕೆ ಮಣ್ಣು ತೆಗೆದದ್ದರಿಂದ ರಣರಂಗದ ಏರುತಗ್ಗುಗಳೇ ಬದಲಾದವು. ಹೂಗೊಮಾಂಟ್ ಎಂಬ ಎಸ್ಟೇಟಿನದು ಇದಕ್ಕೆ ತಿರುಗುಮುರುಗು. ಅಂದು ಅಲ್ಲಿದ್ದ ದೊಡ್ಡ ಬಂಗಲೆ ಬೆಂಕಿಗೆ ಆಹುತಿಯಾಯಿತು. ಅದಕ್ಕೆ ಅಂಟಿಕೊಂಡಿದ್ದ ಪುಟ್ಟ ಪ್ರಾರ್ಥನಾ ಮಂದಿರ ಉಳಿಯಿತು. ಇಂದಿನ ಚಿತ್ರ ನೋಡಿ ಮಾಡಿದ ಮಾದರಿಯಲ್ಲಿ ಬಂಗಲೆಯೇ ಇರುವುದಿಲ್ಲ.

ನಮ್ಮ ಹುಡುಗನಿಗೆ ಬೇಕಾಗಿದ್ದುದು ಲಾ ಹೇ ಸೇಂಟ್ ಎಂಬ ತೋಟದ ಮನೆ. ಬ್ರಸೆಲ್ಸ್ ರಸ್ತೆಯ ಪಕ್ಕದಲ್ಲಿ, ಅಂಗಳವನ್ನು ಸುತ್ತಿ ಗೋಡೆ, ಮನೆ, ದೊಡ್ಡ ಕಣಜ. ಒಂದು ಕಡೆ ಹಣ್ಣಿನ ತೋಟ, ಇನ್ನೊಂದು ಕಡೆ ಕೈತೋಟ. ಕಾಳಗದ ಹಿಂದಿನ ರಾತ್ರಿ ಬಿರುಮಳೆ. ನೆನೆದು ನಡುಗುತ್ತಿದ್ದ ಸಿಪಾಯಿಗಳು ಹೊಲದ ಕಡೆಗಿದ್ದ ಕಣಜದ ಬಾಗಿಲನ್ನೇ ಸೌದೆ ಮಾಡಿ ಸುಟ್ಟರು. ಬೆಳಗಾದ ಮೇಲೆ ಮೇಜರ್ ಬೇರಿಂಗ್ ಎಂಬ ಜರ್ಮನ್ ಅಧಿಕಾರಿ ಸುಮಾರು 400 ಜನರೊಡನೆ ಅದೇ ತೆರೆದ ಬಾಗಿಲನ್ನು ಕಾಯಬೇಕಾಯಿತು. ಕಣಜಕ್ಕೆ ಬೆಂಕಿ ಬಿದ್ದಾಗ ಅಡುಗೆಯ ಪಾತ್ರೆಗಳಲ್ಲಿ ನೀರು ತಂದು ಆರಿಸಿದರು. ಸಂಜೆಗೆ ಮದ್ದುಗುಂಡು ಮುಗಿಯಿತು, ಮನೆ ಕೈಬಿಟ್ಟಿತು. ಹೋರಾಡಲು ಶಕ್ತರಾಗಿ ಹಿಂದಿರುಗಿದವರು 42 ಮಂದಿ ಎಂದು ಬೇರಿಂಗನೇ ಲೆಕ್ಕ ಕೊಟ್ಟಿದ್ದಾನೆ. ಏರ್‌ಫಿಕ್ಸ್‌ನವರು ಈ ಮನೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದುಂಟು. ಈಗ ರಾಳದಲ್ಲಿ ಎರಕ ಹೊಯ್ದವು, ಯಂತ್ರದಲ್ಲಿ ಪದರ ಪದರವಾಗಿ ಮುದ್ರಿಸಿದವು ಸಿಗುತ್ತವೆ. ಯಾವುದನ್ನೇ ಕೊಳ್ಳಿ, ಕಣಜಕ್ಕೆ ಅಂದದ ಬಾಗಿಲು ಕೂರಿಸಿದ್ದರೆ ಅದು ಆ ದಿನದ ಮನೆಯಲ್ಲ.

ಇದನ್ನೆಲ್ಲ ನಮಗಿಂತ ಮೊದಲೇ ಅನುಭವಿಸಿದವರು ವಿಲಿಯಂ ಸೈಬೋರ್ನ್ ಎಂಬ ಅಧಿಕಾರಿ. ವಾಟರ್ಲೂವಿನ ಮಾದರಿ ಮಾಡಿಕೊಡಬೇಕೆಂದು 1830ರಲ್ಲಿ ಅವರಿಗೆ ಆಜ್ಞೆಯಾಯಿತು. ಅವರು ಎಂಟು ತಿಂಗಳು ಅದೇ ತೋಟದ ಮನೆಯಲ್ಲಿ ತಂಗಿ ನೆಲವನ್ನು ಅಳೆದರು. ಸಂಜೆ ಏಳರ ಸುಮಾರಿಗೆ ತಾವು ಎಲ್ಲಿದ್ದಿರಿ ಎಂದು ಬದುಕಿದ್ದ ಅಧಿಕಾರಿಗಳಿಗೆಲ್ಲ ಕಾಗದ ಬರೆದರು. ಮೈಲಿಗೆ ಒಂಬತ್ತು ಅಡಿಯ ಲೆಕ್ಕದಲ್ಲಿ ಮಾದರಿ ಸಿದ್ಧವಾಯಿತು. ಆ ಅಳತೆಯಲ್ಲಿ ಮನುಷ್ಯ ಕಾಲಂಗುಲವೂ ಇರಲಾರ; ಆದ್ದರಿಂದ ಸಿಪಾಯಿಗಳನ್ನು ನೆಲದ ಲೆಕ್ಕಕ್ಕಿಂತ ದೊಡ್ಡದಾಗಿಯೇ ಮಾಡಬೇಕಾಯಿತು. ಅವು ಸುಮಾರು 75,000! ಸರ್ಕಾರ ನಡುವೆ ಹಣ ನಿಲ್ಲಿಸಿತು. ಸೈಬೋರ್ನ್ ಸಾಲ ಮಾಡಿ ಮುಗಿಸಿ 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದರು. ಜನ ಮುಗಿಬಿದ್ದರು. ಆದರೆ ಪ್ರಷ್ಯದವರ ಪಾಲು ಅತಿಯಾಯಿತೆಂದು ವೆಲಿಂಗ್ಟನ್ನನ ಕಡೆಯವರಿಗೆ ಅಸಮಾಧಾನ. ಕೊನೆಗೆ ಸಾವಿರಾರು ಪ್ರಷ್ಯನ್ ಬೊಂಬೆಗಳನ್ನು ಸೈಬೋರ್ನರೇ ಕಿತ್ತು ತೆಗೆದರು. ಆ ಮಾದರಿ ಈಗ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಅಳತೆಯ ಲೋಪವನ್ನು ಕಣ್ಣು ಕ್ಷಮಿಸುತ್ತದೆ. ಇದ್ದವರನ್ನು ಇಲ್ಲವೆನಿಸುವ ಲೋಪ ಅರ್ಥವನ್ನೇ ಕೆಡಿಸುತ್ತದೆ.

ಆ ವೆಲಿಂಗ್ಟನ್ ನಮಗೆ ಅಪರಿಚಿತನಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಅಧಿಕಾರ ವಹಿಸಿಕೊಂಡ ಕರ್ನಲ್ ವೆಲ್ಲೆಸ್ಲಿಯೇ ಅವನು. ನಿಮ್ಮ ಮನೆಯ ಹುಡುಗರು ಆ ದಿನವನ್ನು ಮೇಜಿನ ಮೇಲೆ ಹೂಡಿದರೆ ಇದೇ ಪರೀಕ್ಷೆ ಮಾಡಿಸಿ. ರಂಗನಾಥನ ಗೋಪುರ ಇರಲಿ, ಮಸೀದಿಯ ಎರಡು ಮಿನಾರುಗಳಿರಲಿ, ಅಂದು ಇದ್ದವು. ಕೋಟೆ ಒಡೆದ ಜಾಗದ ಹತ್ತಿರ ಇಂದು ಕಾಣುವ ಸ್ಮಾರಕಸ್ತಂಭ ಬೇಡ. ಅದು ಇಪ್ಪತ್ತನೆಯ ಶತಮಾನದ್ದು. ಟಿಪ್ಪುವಿನ ಅರಮನೆ ಬೇಕು. ಇಂದು ಅದರ ತಳಪಾಯದ ಗುರುತುಗಳಷ್ಟೆ ಉಳಿದಿದ್ದರೂ ಅಂದು ನಿಂತಿತ್ತು. ಇವು ಅಂಗಡಿಯಲ್ಲಿ ಸಿಗದಿದ್ದರೆ ರಟ್ಟು, ಅಂಟು, ಜೇಡಿಮಣ್ಣು ನಮ್ಮಲ್ಲೇ ಇವೆ.

ಕೊನೆಗೆ ನಾವೂ ರಟ್ಟಿನಲ್ಲೇ ಮನೆ ಮಾಡಿದೆವು. ಗೋಡೆ ಕೊಂಚ ವಾಲಿದೆ, ಸೂರಿನ ಬಣ್ಣ ತುಸು ಗಾಢವಾಯಿತು. ಕಳೆದ ತಿಂಗಳು ಆಟ ನೋಡಲು ಬಂದ ನೆರೆಮನೆಯ ಹುಡುಗಿ, "ಮೇಷ್ಟ್ರೇ, ಇದಕ್ಕೆ ಬಾಗಿಲು ಅಂಟಿಸುವುದನ್ನು ಮರೆತಿದ್ದೀರಿ" ಎಂದಳು. ನನ್ನ ಸೋದರಳಿಯ ಸಿಪಾಯಿಗಳನ್ನು ಬದಿಗಿಟ್ಟು, ಮಳೆಯ ರಾತ್ರಿಯಿಂದ ಮೊದಲುಗೊಂಡು ಅವಳಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಆ ಮನೆಯವರು ಅಷ್ಟು ಹೊತ್ತು ಎಲ್ಲಿದ್ದರು?" ಅಷ್ಟು ದಿನ ಆ ಮನೆಯನ್ನು ಅಳೆದಿದ್ದ ನಮ್ಮಿಬ್ಬರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಆ ದಿನ ಆಟ ಮುಂದುವರಿಯಲಿಲ್ಲ.