ಎಪ್ಪತ್ತೆರಡನೆಯ ವಂಶವಾಹಿ

(ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ಆಡಿದ ಮಾತಿನ ಬರಹರೂಪ)



ಎಲ್ಲರೂ ಒಮ್ಮೆ ಕಣ್ಣು ಮುಚ್ಚಿ ತೋರುಬೆರಳಿನಿಂದ ಮೂಗಿನ ತುದಿ ಮುಟ್ಟಿ. ಹಿಂದಿನ ಸಾಲಿನವರೂ ಅಷ್ಟೇ. ಕಣ್ಣು ಮುಚ್ಚಿದ್ದರೂ ಕೈ ಎಲ್ಲಿದೆ ಎಂದು ಮಿದುಳಿಗೆ ಹೇಗೆ ತಿಳಿಯಿತು? ಮುಟ್ಟಿದ್ದು ಹೇಗೆ ಗೊತ್ತಾಯಿತು? ನಮ್ಮ ದೇಹದಲ್ಲಿ ಒತ್ತಡವನ್ನು ಗುರುತಿಸುವ ಅಣು ಯಾವುದೆಂಬುದು ಬಹುಕಾಲ ತಿಳಿದಿರಲಿಲ್ಲ. ಅದನ್ನು ಹುಡುಕಿದ ಆರ್ಡೆಮ್ ಪಟಪೂಟಿಯನ್ ಅವರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಅರ್ಮೇನಿಯನ್ ಮನೆತನದ ಇವರು ಹುಟ್ಟಿದ್ದು 1967ರಲ್ಲಿ, ಲೆಬನಾನಿನ ಬೈರೂತ್‌ನಲ್ಲಿ. ಅಂತರ್ಯುದ್ಧದ ನಡುವೆ ಬೆಳೆದು 1986ರಲ್ಲಿ ಅಮೆರಿಕಕ್ಕೆ ಹೋದರು. ಹೊಟ್ಟೆಪಾಡಿಗೆ ಮನೆಮನೆಗೆ ಪಿಜ್ಜಾ ತಲುಪಿಸಿದರು, ಅರ್ಮೇನಿಯನ್ ಪತ್ರಿಕೆಯೊಂದಕ್ಕೆ ರಾಶಿಭವಿಷ್ಯ ಬರೆದರು. (ತಮ್ಮ ರಾಶಿಗೆ ನೊಬೆಲ್ ಬರೆದುಕೊಂಡಿದ್ದರೋ ಏನೋ!) ಡಾಕ್ಟರಾಗುವ ಆಸೆಯಿತ್ತು. ಅದಕ್ಕೆ ಬೇಕಾದ ಶಿಫಾರಸು ಪತ್ರಕ್ಕಾಗಿ ಪ್ರಯೋಗಾಲಯ ಸೇರಿದವರು ಅಲ್ಲೇ ಉಳಿದುಬಿಟ್ಟರು.

ಮುಂದೆ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ, ಬರ್ಟ್ರಾಂಡ್ ಕೋಸ್ಟ್ ಎಂಬ ಸಹೋದ್ಯೋಗಿಯ ಜೊತೆ ಆ ಕೆಲಸ ಶುರುವಾಯಿತು. ಒತ್ತಿದರೆ ಸಣ್ಣ ವಿದ್ಯುತ್ ಹೊಮ್ಮಿಸುವ ಜೀವಕೋಶಗಳನ್ನು ಆರಿಸಿಕೊಂಡರು. ಅನುಮಾನವಿದ್ದ 72 ವಂಶವಾಹಿಗಳ ಪಟ್ಟಿ ಮಾಡಿದರು. ಒಂದೊಂದನ್ನೇ ಸುಮ್ಮನಾಗಿಸುವುದು, ಸಪೂರ ಗಾಜಿನ ಕೊಳವೆಯಿಂದ ಕೋಶವನ್ನು ಒತ್ತುವುದು. ವಿದ್ಯುತ್ ಬಂದರೆ ಅದಲ್ಲ, ಮುಂದಿನದು. ಸಾಫ್ಟ್‌ವೇರ್‌ನಲ್ಲಿ ನಾವು ದೋಷ ಹುಡುಕುವುದೂ ಹೀಗೆಯೇ, ಆದರೆ ನಮಗೆ ಒಂದು ಪರೀಕ್ಷೆಗೆ ಕೆಲವು ನಿಮಿಷ ಸಾಕು. ಅವರಿಗೆ ಒಂದೊಂದಕ್ಕೂ ದಿನಗಟ್ಟಲೆ ಬೇಕು. ಅದಕ್ಕಿಂತ ದೊಡ್ಡ ಭಯ, ಹುಡುಕುತ್ತಿರುವುದು ಪಟ್ಟಿಯಲ್ಲೇ ಇಲ್ಲದಿದ್ದರೆ? 71 ಮುಗಿದರೂ ಸಿಗಲಿಲ್ಲ. ಕೊನೆಯದನ್ನು ಸುಮ್ಮನಾಗಿಸಿದಾಗ ವಿದ್ಯುತ್ ನಿಂತಿತು.

ಅದಕ್ಕೆ 'ಪಿಯೆಜೊ1' ಎಂದು ಹೆಸರಿಟ್ಟರು, ಗ್ರೀಕ್‌ನಲ್ಲಿ ಒತ್ತು ಎಂಬ ಅರ್ಥ. 2010ರಲ್ಲಿ ಪ್ರಕಟಿಸಿದರು. ಅದರ ಜೋಡಿ ಪಿಯೆಜೊ2. ನಮ್ಮ ಸ್ಪರ್ಶಕ್ಕೆ ಮುಖ್ಯವಾಗಿ ಬೇಕಾದದ್ದು ಇದು. 2021ರಲ್ಲಿ ನೊಬೆಲ್ ಬಂತು. ಮೆಣಸಿನಕಾಯಿಯ ಖಾರದ ಜಾಡು ಹಿಡಿದು ಬಿಸಿಯ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಜೊತೆ ಹಂಚಿಕೊಂಡರು. ಸ್ವೀಡನ್ನಿನವರು ಕರೆ ಮಾಡಿದಾಗ ಇವರ ಫೋನ್ ಸದ್ದಿಲ್ಲದೆ ಬಿದ್ದಿತ್ತು. ಸುದ್ದಿ ಮುಟ್ಟಿಸಿದ್ದು 94 ವರ್ಷದ ತಂದೆ!

ಇದರಿಂದ ಏನು ಪ್ರಯೋಜನ ಎಂದು ಹಿರಿಯರು ಕೇಳಬಹುದು. ಪಿಯೆಜೊ2 ಕೆಲಸ ಮಾಡದೆಯೇ ಹುಟ್ಟಿದವರೂ ಇದ್ದಾರೆ. ಅಂಥ ಇಬ್ಬರ ವಿವರವನ್ನು ಅಮೆರಿಕದ ವೈದ್ಯರು 2016ರಲ್ಲಿ ಪ್ರಕಟಿಸಿದರು. ಒಬ್ಬರಿಗೆ 9 ವರ್ಷ, ಇನ್ನೊಬ್ಬರಿಗೆ 19. ನೋವು, ಬಿಸಿ ಅವರಿಗೆ ತಿಳಿಯುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿದರೆ ಮಾತ್ರ ನಡೆಯಲಾರರು, ತೂರಾಡಿ ಬೀಳುತ್ತಾರೆ. ಏಕೆ ಎನ್ನುವುದಕ್ಕೆ ಆ ಮನೆಯವರಿಗೆ ಉತ್ತರವಾದರೂ ಸಿಕ್ಕಿತು.

ಮಕ್ಕಳೇ, ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ ಶ್ರುತಿಕವೆ ಇದೆ. ಮೇಷ್ಟ್ರನ್ನು ಕೇಳಿ ತೆಗೆದುಕೊಳ್ಳಿ. ರಬ್ಬರಿಗೆ ಬಡಿದು, ಬುಡವನ್ನು ಮೊಣಕೈ ಮೂಳೆಗೆ ಒತ್ತಿ ಹಿಡಿಯಿರಿ. ಜುಂ ಎನ್ನುವ ಆ ಕಂಪನ ಆ ಇಬ್ಬರಿಗೆ ಗೊತ್ತಾಗಲಿಲ್ಲ.